ಕೇಳಿದವರಿಗೆಲ್ಲ ಕೊಟ್ಟ ಅಕೊಯಾ

ಆ ಹೊಲಿಗೆ ಯಂತ್ರ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಅಮ್ಮ ಅಕೊಯಾಳ ಕಥೆ ಹೇಳಲು ಕೂತಾಗಲೆಲ್ಲ ನನ್ನ ಹೊಟ್ಟೆ ಉರಿಯಲು ಶುರುವಾಗುವುದು ಅಲ್ಲಿಂದಲೇ. ಪರದೇಶದ ಸರಕು ಹಡಗಿನಲ್ಲಿ ದುಡಿಯುತ್ತಿದ್ದ ಅಪ್ಪ ಎರಡು ವರ್ಷದ ಮೇಲೆ ಊರಿಗೆ ಬಂದಾಗ ನನಗೆಂದೇ ಹೆಗಲ ಮೇಲೆ ಹೊತ್ತು ತಂದದ್ದು ಅದು. ಆಗ ನನಗೆ ಹದಿನಾಲ್ಕು. ಅದರಲ್ಲಿ ನಾನು ಎರಡು ರವಿಕೆ, ಒಂದು ದಿಂಬಿನ ಚೀಲ ಹೊಲಿದೆ. ಹನ್ನೊಂದನೆಯ ದಿನ ಅಪ್ಪನ ಕಡೆಯ ದೂರದ ನೆಂಟರ ಹೆಂಗಸೊಬ್ಬಳು ಬಂದು, ಚಾಪೆಯ ಮೇಲೆ ಕೂತು, ನಮ್ಮ ಮರದ ನೀರಾ ಕುಡಿದು, ಬಾಯಿ ಒರೆಸಿಕೊಂಡು, "ಅಕೊಯಾ, ಬುಬುಸಿ. ಆ ಮಿಷನ್ನು ನಂಗೆ ಬೇಕು" ಅಂದಳು. ಅಮ್ಮ ಎದ್ದು ಹೋಗಿ ತಂದು ಕೊಟ್ಟಳು. ನಾನು ನೆಲಕ್ಕೆ ಬಿದ್ದು ಹೊರಳಾಡಿ ಅತ್ತೆ. ಯಾರು ಕೇಳಬೇಕು?

ಬುಬುಸಿ ಅಂದರೆ ಭಿಕ್ಷೆಯಲ್ಲ, ಸಾಲವೂ ಅಲ್ಲ. ಪೆಸಿಫಿಕ್ ಸಾಗರದ ನಮ್ಮ ಕಿರಿಬಾಸ್ ದ್ವೀಪಗಳಲ್ಲಿ ನೆಂಟನೊಬ್ಬ ಆ ಮಾತನ್ನು ಬಾಯಿಬಿಟ್ಟು ಅಂದರೆ ಮುಗಿಯಿತು, ಕೊಡಲೇಬೇಕು. ಇಲ್ಲ ಅಂದವರು ಊರಿನಲ್ಲಿ ತಲೆ ಎತ್ತಿ ತಿರುಗುವಂತಿಲ್ಲ. ಇವತ್ತು ಕೇಳಿದವನನ್ನು ನಾಳೆ ನೀವೂ ಕೇಳಬಹುದು, ಅವನೂ ಕೊಡಲೇಬೇಕು. ಮಣ್ಣಿಲ್ಲ, ಹೊಳೆಯಿಲ್ಲ, ಬೆಟ್ಟವಿಲ್ಲ. ಈ ಹವಳದ ಪಟ್ಟಿಯ ಮೇಲೆ ನಮ್ಮ ಹಿರಿಯರು ಉಳಿದುಕೊಂಡದ್ದೇ ಹೀಗೆ ಎಂದು ಮುದುಕರು ಹೇಳುತ್ತಾರೆ. ಒಬ್ಬನ ತೆಂಗು ಒಣಗಿದ ವರ್ಷ ಇನ್ನೊಬ್ಬನ ಮರದಲ್ಲಿ ಕಾಯಿ ಇರುತ್ತದೆ, ಕೇಳಿದರೆ ಸಿಗುತ್ತದೆ. ಸರಿ, ಒಪ್ಪಿದೆ. ಆದರೆ ಕೇಳುವವರೇ ಕೇಳುತ್ತಾ ಹೋದರೆ? ನನ್ನ ಅಮ್ಮ ಯಾರನ್ನೂ ಏನನ್ನೂ ಕೇಳಿದವಳಲ್ಲ. ಉಪ್ಪು ಮುಗಿದರೆ ಸಮುದ್ರದ ನೀರು ತಂದು ಅಡುಗೆಗೆ ಸುರಿಯುವಳೇ ಹೊರತು ಪಕ್ಕದ ಮನೆಗೆ ಹೋಗುವವಳಲ್ಲ. ಅಂಥ ಜಂಭ ಅವಳದು. ಊರಿನವರಿಗೆ ಅದು ಚೆನ್ನಾಗಿ ಗೊತ್ತಾಗಿಬಿಟ್ಟಿತ್ತು.

ಹಾಗಂತ ಅಮ್ಮ ನಗುನಗುತ್ತಾ ಕೊಡುವ ದಾನಶೂರೆ ಅಂದುಕೊಳ್ಳಬೇಡಿ. ಕೊಡುವಾಗ ಅವಳ ಬಾಯಿ ಕೇಳಿದರೆ ಸತ್ತವರೂ ಎದ್ದು ಕೂರಬೇಕು. ಹಂದಿ ಕೇಳಲು ಬಂದವನಿಗೆ, "ತಗೊಂಡ್ಹೋಗು! ಹಗ್ಗನೂ ತಗೋ, ಗೂಟನೂ ಕಿತ್ಕೋ! ಮನೆಯಲ್ಲಿ ಮೇಯಿಸೋಕೆ ಯೋಗ್ಯತೆ ಇಲ್ಲ, ತಿನ್ನೋಕೆ ಮಾತ್ರ ಹಲ್ಲು ಉದ್ದ" ಎಂದು ಬೀದಿಯ ಕೊನೆವರೆಗೂ ಬೈಯುತ್ತಾ ಹೋಗಿ, ಹಂದಿಯನ್ನು ಅವನ ಸೈಕಲ್ಲಿಗೆ ತಾನೇ ಕಟ್ಟಿಕೊಟ್ಟು ಬಂದವಳು. ಸೈಕಲ್ ಕೂಡ ನಮ್ಮದೇ, ಹಿಂದಿನ ವರ್ಷ ಅವನಿಗೇ ಕೊಟ್ಟದ್ದು. ಅಪ್ಪನ ಗಡಿಯಾರ, ರೇಡಿಯೋ, ಮದುವೆಯ ಕೇದಗೆ ಚಾಪೆ, ಅಪ್ಪ ಸತ್ತ ಮೇಲೆ ಅವನ ಅಂಗಿಗಳು, ಎಲ್ಲವೂ ಹೀಗೆ ಬೈಗುಳದ ಜೊತೆ ಮನೆ ಬಿಟ್ಟು ಹೋದವು.

ಅಮ್ಮ ಹಾಗೆ ಕೊಟ್ಟದ್ದರಲ್ಲಿ ಮೊದಲನೆಯದು ನನ್ನ ಅಣ್ಣ.

ಅಮ್ಮನ ಅಕ್ಕ ಮೋಯಾಗೆ ಮಕ್ಕಳಾಗಲಿಲ್ಲ. ಅಮ್ಮ ಚೊಚ್ಚಲು ಬಸುರಿಯಾಗಿ ಏಳು ತಿಂಗಳಾದಾಗ ಮೋಯಾ ದೊಡ್ಡಮ್ಮ ಬಂದು ಅವಳ ಕಾಲ ಬಳಿ ಕೂತು ಕೇಳಿದಳು. ಅಮ್ಮ ಹೂಂ ಅಂದಳು. ಎಂಟು ತಿಂಗಳು ಹಾಲು ಕುಡಿಸಿ, ಆಮೇಲೆ ಮಗುವನ್ನು ಎತ್ತಿಕೊಂಡು ರಸ್ತೆ ದಾಟಿ ಅಕ್ಕನ ಮನೆಯಲ್ಲಿ ಬಿಟ್ಟು ಬಂದಳು. ನಮ್ಮಲ್ಲಿ ಇದು ಯಾರಿಗೂ ಹೊಸದಲ್ಲ. ಹಾಗೆ ಹೋದ ಮಗು ಆ ಮನೆಯ ಮಗುವೇ, ಆಸ್ತಿಯೂ ಅಲ್ಲಿಯದೇ. ಅವತ್ತು ಅಮ್ಮ ಒಂದೇ ಒಂದು ಬೈಗುಳವನ್ನೂ ಬಾಯಿಗೆ ತಂದಿರಲಿಲ್ಲವಂತೆ. ಇದನ್ನು ನನಗೆ ಹೇಳಿದ್ದು ದೊಡ್ಡಮ್ಮನೇ. ಹೇಳುವಾಗ ಅವಳು ಕಣ್ಣು ಒರೆಸಿಕೊಂಡಳು. ಬರಾನಿಕೊ ಎಂಬ ಹೆಸರಿನ ನನ್ನ ಅಣ್ಣ ರಸ್ತೆಯ ಆಚೆ ಬದಿ ಬೆಳೆದ, ಮೋಯಾಳನ್ನು ಅಮ್ಮ ಅಂದ, ನನ್ನ ಅಮ್ಮನನ್ನು ಚಿಕ್ಕಮ್ಮ ಅಂದ. ಆ 'ಚಿಕ್ಕಮ್ಮ' ಕೇಳಿದಾಗಲೆಲ್ಲ ಅಮ್ಮನ ದವಡೆ ಬಿಗಿಯುವುದನ್ನು ನಾನು ನೋಡಿದ್ದೇನೆ.

ಯಾರಿಗೂ ಕೊಡದೆ ಅಮ್ಮನ ಹತ್ತಿರ ಉಳಿದದ್ದು ಒಂದೇ, ಬಬಾಯಿ ಗುಂಡಿ. ಬಬಾಯಿ ಅಂದರೆ ಆಳೆತ್ತರದ ಎಲೆಯ, ಕೆಸರಿನಲ್ಲಿ ಬೆಳೆಯುವ ಕೆಸುವಿನ ಜಾತಿಯ ಗೆಡ್ಡೆ. ನಮ್ಮ ಅಜ್ಜನ ಅಜ್ಜ ಚಿಪ್ಪು ಮತ್ತು ಕೋಲಿನಿಂದ ಹವಳದ ಕಲ್ಲನ್ನು ಅಗೆದು, ಎದೆಯಾಳಕ್ಕೆ ಇಳಿದು, ಕೆಳಗಿನ ಸಿಹಿನೀರು ಮುಟ್ಟಿದ್ದ. ಅದು ದ್ವೀಪದ ನಟ್ಟನಡುವೆ ಇದೆ. ಅಲ್ಲಿ ನಿಂತರೆ ಒಂದು ಕಿವಿಗೆ ಹೊರಗಡಲಿನ ಅಬ್ಬರ, ಇನ್ನೊಂದಕ್ಕೆ ಹವಳದ ಸುತ್ತಿನೊಳಗಿನ ಶಾಂತ ಒಳಗಡಲಿನ ಸಪ್ಪಳ ಕೇಳುತ್ತದೆ. ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಹಡಗು ಬಾರದೆ ಊರಿಗೆ ಊರೇ ಈ ಗೆಡ್ಡೆ ತಿಂದು ಬದುಕಿತ್ತು. ನನ್ನ ಅಜ್ಜ ಬಾನಾಬಾ ದ್ವೀಪದ ಫಾಸ್ಫೇಟ್ ಗಣಿಗೆ ಕೂಲಿಗೆ ಹೋಗಿದ್ದವನು. ಆ ದ್ವೀಪವನ್ನು ಬಿಳಿಯರು ಹೇಗೆ ಕೆರೆದು ಹಡಗಿಗೆ ತುಂಬಿ ತಮ್ಮ ಹುಲ್ಲುಗಾವಲಿಗೆ ಗೊಬ್ಬರ ಮಾಡಿಕೊಂಡರೆಂದು ಅವನು ಹೇಳುತ್ತಿದ್ದ. ಜನ ಇರುವ ನೆಲವನ್ನೇ ಹೊತ್ತುಕೊಂಡು ಹೋದರು, ಅಲ್ಲಿಯವರನ್ನು ಎತ್ತಿ ಫಿಜಿ ಕಡೆ ಎಸೆದರು. ಥೂ! ಹನ್ನೊಂದು ವರ್ಷ ಆ ಧೂಳು ಕುಡಿದು ಬಂದ ಅಜ್ಜ, ಬಂದ ದಿನವೇ ಈ ಗುಂಡಿಗೆ ಇಳಿದು ಕತ್ತಿನವರೆಗೆ ಕೆಸರು ಬಳಿದುಕೊಂಡು ಕೂತಿದ್ದನಂತೆ.

ಗುಂಡಿಗೆ ಮೈಮುರಿಯುವ ದುಡಿಮೆ ಬೇಕು. ಎಲೆ ಕೊಳೆಸಬೇಕು, ಮರದಡಿ ಕೆರೆದು ತಂದ ಕಪ್ಪುಮಣ್ಣು ಸೇರಿಸಬೇಕು, ಒಂದೊಂದು ಗಿಡದ ಬುಡಕ್ಕೂ ಕೇದಗೆಯ ಬುಟ್ಟಿ ಹೆಣೆದು ಕಟ್ಟಿ ಅದರೊಳಗೆ ತುಂಬಬೇಕು. ಯಾವ ಎಲೆ, ಯಾವ ತಿಂಗಳು, ಎಷ್ಟು ಹಿಡಿ ಅನ್ನುವುದು ಮನೆತನದ ಗುಟ್ಟು. ತಾಯಿ ತಂದೆ ಅದನ್ನು ಹಿರಿಯ ಮಗನಿಗೆ ಹೇಳಿ ಸಾಯುತ್ತಾರೆ; ಅಪ್ಪ ಹಡಗಿನಲ್ಲಿದ್ದುದರಿಂದ ಅಜ್ಜ ಅದನ್ನು ಅಮ್ಮನಿಗೆ ಹೇಳಿಹೋಗಿದ್ದ. ಮೂವತ್ತು ವರ್ಷ ಎಲೆ ಹೊತ್ತವಳು ನಾನು. ಬೆರಕೆ ಮಾಡುವ ಹೊತ್ತಿಗೆ ಅಮ್ಮ ನನ್ನನ್ನು, "ತೆಬೋರಾ, ಹೋಗಿ ಒಲೆ ನೋಡು" ಎಂದು ಅಟ್ಟುತ್ತಿದ್ದಳು. ಯಾರಿಗೆ ಹೇಳಲು ಕಾದಿದ್ದಾಳೆ ಈ ಮುದುಕಿ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾರಿಗೆ ಎಂಬುದು ಗೊತ್ತಿದ್ದೇ ಉರಿಯುತ್ತಿತ್ತು.

ಆರು ವರ್ಷದ ಹಿಂದೆ ದೊಡ್ಡ ಉಬ್ಬರ ಬಂದು ಹೊರಗಡಲು ಊರೊಳಗೆ ನುಗ್ಗಿತು. ಉಪ್ಪುನೀರು ನಿಂತು ಊರಿನ ಬೇರೆ ಹದಿನೇಳು ಗುಂಡಿಗಳ ಗೆಡ್ಡೆಯೂ ಕೊಳೆತು ನಾರಿತು. ನಡುವಿನಲ್ಲಿದ್ದ ಅಮ್ಮನ ಗುಂಡಿಗೆ ಮಾತ್ರ ನೀರು ತಲುಪಲಿಲ್ಲ. ಅಂದಿನಿಂದ ಮದುವೆಗೂ ಸಾವಿಗೂ ಹೊಸ ಪಾದ್ರಿಯ ಊಟಕ್ಕೂ ಗೆಡ್ಡೆ ಹೋಗುವುದು ನಮ್ಮಲ್ಲಿಂದಲೇ. ಗೆಡ್ಡೆ ಕೇಳಿದರೆ ಗೆಡ್ಡೆ ಕೊಟ್ಟಳು, ಸಸಿ ಕೇಳಿದರೆ ಸಸಿಯನ್ನೂ ಕೊಟ್ಟಳು. ಗುಂಡಿಯನ್ನು ಕೇಳಲು ಮಾತ್ರ ಯಾರಿಗೂ ಮುಖ ಬರಲಿಲ್ಲ.

ಆ ಮುಖ ನನ್ನ ಅಣ್ಣನಿಗೆ ಬಂತು.

ಬರಾನಿಕೊಗೆ ಆಗ ನಲವತ್ಮೂರು. ಹೊರದೇಶದ ದುಡ್ಡಿನ ಯಾವುದೋ ಯೋಜನೆಯ ಕಚೇರಿಯಲ್ಲಿ ಅವನಿಗೆ ಕೆಲಸ. ಹೊಟ್ಟೆ ಬಂದಿತ್ತು, ಕೊರಳಲ್ಲಿ ಗುರುತಿನ ಚೀಟಿ ನೇತಾಡುತ್ತಿತ್ತು. ಸಮುದ್ರ ಏರುವುದನ್ನು ಅಳೆಯಲು, ಚಿತ್ರ ತೆಗೆಯಲು ರಾಜಧಾನಿ ತರಾವಾ ಕಡೆಯಿಂದ ವಿಮಾನ ಹತ್ತಿ ಪರದೇಶದವರು ಬರುತ್ತಲೇ ಇದ್ದರು. ಒಬ್ಬ ನನ್ನನ್ನು ಮೊಣಕಾಲು ನೀರಿನಲ್ಲಿ ನಿಲ್ಲಿಸಿ ದುಃಖದ ಮುಖ ಮಾಡು ಅಂದ. ನನಗೆ ದುಃಖ ಇರಲಿಲ್ಲ, ಅವನ ಮೇಲೆ ಸಿಟ್ಟಿತ್ತು; ಚಿತ್ರ ಸರಿ ಬರಲಿಲ್ಲವಂತೆ. ಇಂಥವರು ಉಳಿದುಕೊಳ್ಳಲು ಒಂದು ಅತಿಥಿಗೃಹ ಕಟ್ಟಬೇಕು, ಅದು ಎರಡೂ ಕಡಲಿನಿಂದ ದೂರ ಇರಬೇಕು, ಸಿಹಿನೀರು ಹತ್ತಿರ ಇರಬೇಕು ಎಂದು ಕಚೇರಿಯಲ್ಲಿ ನಿರ್ಧಾರವಾಯಿತು. ನಕ್ಷೆಯ ಮೇಲೆ ಬೆರಳಿಟ್ಟು ಜಾಗ ತೋರಿಸಿದ್ದು ನನ್ನ ಅಣ್ಣನೇ. ನಮ್ಮ ಸಿಹಿನೀರು ಹಾಳಾಗುತ್ತಿದೆ ಎಂದು ಬರೆಯಲು ಬರುವವರಿಗೆ ಹಾಸಿಗೆ ಹಾಸಲು ಊರಿನ ಕೊನೆಯ ಸಿಹಿನೀರಿನ ಗುಂಡಿಗೆ ಕಲ್ಲು ತುಂಬಬೇಕಂತೆ!

ಅಮ್ಮ ತೊಡೆಯವರೆಗೆ ಕೆಸರಿನಲ್ಲಿದ್ದಾಗ ಅವನು ಬಂದು ಗುಂಡಿಯ ಅಂಚಿನಲ್ಲಿ ಸೈಕಲ್ ನಿಲ್ಲಿಸಿದ. ಕೈಯಲ್ಲಿ ಹೊಗೆಸೊಪ್ಪಿನ ಕಟ್ಟು.

"ಚಿಕ್ಕಮ್ಮ, ಮೇಲೆ ಬಾ, ಸ್ವಲ್ಪ ಮಾತಾಡೋದಿದೆ."

"ಯಾಕೆ, ನಿನ್ನ ಮಾತಿಗೆ ಕೆಸರು ಹತ್ಕೊಳ್ಳುತ್ತಾ? ಅಲ್ಲಿಂದ್ಲೇ ಒದರು."

ಅವನು ಅತಿಥಿಗೃಹದ ಕಥೆ ಹೇಳಿದ, ಊರಿಗೆ ಹೆಸರು ಬರುತ್ತದೆ ಅಂದ. "ಈಗ ಎಲ್ಲ ಮನೇಲೂ ಅಕ್ಕಿ ಇದೆ ಚಿಕ್ಕಮ್ಮ. ಯಾರು ತಿಂತಾರೆ ಈ ಗೆಡ್ಡೇನ? ನಿಂಗೂ ವಯಸ್ಸಾಯ್ತು, ಎಷ್ಟು ದಿನ ಅಂತ ಕೆಸರಲ್ಲಿ ಒದ್ದಾಡ್ತೀಯ?"

"ಹೋದ ವಾರ ನಿನ್ನ ಮಗಳ ಹುಟ್ಟುಹಬ್ಬಕ್ಕೆ ಎರಡು ಬುಟ್ಟಿ ಗೆಡ್ಡೆ ಹೊತ್ಕೊಂಡ್ ಹೋಗಿದ್ಯಲ್ಲ, ಅದನ್ನ ಹಂದಿಗೆ ಹಾಕಿದ್ಯಾ?"

ಅವನು ಕೆಮ್ಮಿದ. ಆಮೇಲೆ ನೆಲ ನೋಡುತ್ತಾ ಅಂದೇಬಿಟ್ಟ, "ಬುಬುಸಿ, ಚಿಕ್ಕಮ್ಮ. ಈ ಗುಂಡಿ ನಂಗೆ ಕೊಡು."

ಅಮ್ಮನ ಕೈಯ ಕತ್ತಿ ನಿಂತಿತು. ನಾನು ಎಲೆಯ ಬುಟ್ಟಿ ಕೆಳಗೆ ಹಾಕಿ, ಈಗ ಬೈಗುಳ ಬರುತ್ತದೆ ಎಂದು ಕಾದೆ. ಬರಲಿಲ್ಲ.

"ಇಲ್ಲಿ ಕೇಳಿದ್ರೆ ಯಾರಿಗೆ ಕೇಳಿಸುತ್ತೆ, ಏಡಿಗಳಿಗಾ?" ಅಂದಳು ಅಮ್ಮ. "ಶನಿವಾರ ಊರ ಚಾವಡೀಲಿ ಕೇಳು. ಎಲ್ಲರ ಮುಂದೆ ಕೇಳು."

ಅವನ ಮುಖ ಅರಳಿತು. ಎಲ್ಲರ ಮುಂದೆ ಕೇಳಿದ ಮೇಲೆ ಕೊಡದವರುಂಟೇ? ಹೊಗೆಸೊಪ್ಪು ಇಟ್ಟು, ಸೈಕಲ್ ಹತ್ತಿ, ಗಂಟೆ ಹೊಡೆಯುತ್ತಾ ಹೋದ.

ಆ ನಾಲ್ಕು ದಿನ ನಾನು ಅಮ್ಮನ ಜೊತೆ ಆಡದ ಜಗಳವಿಲ್ಲ. "ನನ್ನ ಮಿಷನ್ ಕೊಟ್ಟೆ, ಅಪ್ಪನ ಅಂಗಿ ಕೊಟ್ಟೆ, ಸುಮ್ನಿದ್ದೆ. ಈ ಗುಂಡೀನೂ ಕೊಟ್ರೆ ನಾವು ಏನ್ ತಿನ್ನೋದು, ನಿನ್ನ ಜಂಭಾನ?" ಎಂದು ಕೂಗಿದೆ. ಅಮ್ಮ ಹೊಗೆಸೊಪ್ಪು ಸುತ್ತುತ್ತಾ, "ಬಾಯ್ಮುಚ್ಚೇ ತೆಬೋರಾ, ತಲೆ ಚಿಟ್ಟು ಹಿಡಿಸ್ಬೇಡ" ಅಂದಳು, ಅಷ್ಟೇ. ನಾನು ಒಲೆಯ ಮೇಲಿದ್ದ ಅನ್ನವನ್ನು ಬೇಕೆಂದೇ ತಳ ಹಿಡಿಸಿದೆ.

ಶನಿವಾರ ಚಾವಡಿ ತುಂಬಿತ್ತು. ಅಲ್ಲಿ ಒಂದೊಂದು ಮನೆತನಕ್ಕೂ ಅದರದೇ ಜಾಗ. ಅಮ್ಮ ಮತ್ತು ಮೋಯಾ ದೊಡ್ಡಮ್ಮ ಯಾವಾಗಲೂ ಒಂದೇ ಚಾಪೆಯ ಮೇಲೆ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವವರು. ಅವತ್ತೂ ಹಾಗೇ ಕೂತಿದ್ದರು. ದೊಡ್ಡಮ್ಮ ತನ್ನ ಬೀಸಣಿಗೆಯಿಂದ ಒಮ್ಮೆ ತನಗೆ, ಒಮ್ಮೆ ಅಮ್ಮನಿಗೆ ಗಾಳಿ ಹಾಕುತ್ತಿದ್ದಳು. ಮಗ ಎದ್ದು ನಿಂತಾಗ ಅವಳ ಮುಖದಲ್ಲಿ ಹೆಮ್ಮೆ ಕಂಡು ನನಗೆ ಹಲ್ಲು ಕಡಿಯುವಂತಾಯಿತು.

ಬರಾನಿಕೊ ಕೇಳಿದ. ಚೆಂದವಾಗಿ, ಹಿರಿಯರಿಗೆ ಕೈಮುಗಿದು, ಊರಿನ ಒಳಿತಿನ ಮಾತಾಡಿ ಕೇಳಿದ. ಚಾವಡಿಯ ಹಿರಿಯ ನಕಿಬಾಯೆ ತಾತ ಅಮ್ಮನ ಕಡೆ ತಿರುಗಿದ. "ಅಕೊಯಾ, ಕೇಳಿಸ್ಕೊಂಡ್ಯೇನಮ್ಮ? ನಿನ್ನ ಅಕ್ಕನ ಮಗ ಕೇಳ್ತಿದ್ದಾನೆ."

ಅಮ್ಮ ಎದ್ದು ಚಾವಡಿಯ ನಡುವಿಗೆ ಬಂದಳು. "ಉತ್ತರ ಕೊಡ್ತೀನಿ ತಾತ. ಅದಕ್ಕಿಂತ ಮುಂಚೆ ನಂದೂ ಒಂದು ಬುಬುಸಿ ಇದೆ."

ಅರವತ್ತಾರು ವರ್ಷದಲ್ಲಿ ಅಕೊಯಾ ಕೇಳುತ್ತಿರುವುದು ಇದೇ ಮೊದಲು. ಹಿಂದಿನ ಸಾಲಿನಿಂದ ಯಾರೋ, "ನಮ್ಮ ಹಂದಿ ವಾಪಸ್ ಕೇಳ್ತಾಳೋ ಏನೋ" ಎಂದು ಪಿಸುಗುಟ್ಟಿದರು.

ಅಮ್ಮ ದೊಡ್ಡಮ್ಮನ ಎದುರಿಗೆ ಹೋಗಿ ಕೂತಳು. "ಅಕ್ಕ, ಬುಬುಸಿ. ನನ್ನ ಮಗನ್ನ ನಂಗೆ ಕೊಡು."

ಬೀಸಣಿಗೆ ನಿಂತಿತು.

"ಏನು ಮಾತು ಅಂತ ಆಡ್ತಿದ್ದೀಯ ಚಿಕ್ಕಮ್ಮ? ನಂಗೆ ನಲವತ್ಮೂರು ವರ್ಷ!" ಎಂದು ಬರಾನಿಕೊ ಕಿರುಚಿದ.

"ಹಂದಿ ಕೊಡುವಾಗ ವಯಸ್ಸು ಕೇಳ್ತಾರೇನೋ?" ಅಂದರು ಹಿಂದಿನಿಂದ ಯಾರೋ. ಚಾವಡಿ ನಕ್ಕಿತು. ಅಮ್ಮ ನಗಲಿಲ್ಲ.

ನಕಿಬಾಯೆ ತಾತ ಕೈ ಎತ್ತಿದ. "ಅಕೊಯಾ, ಇದು ಆಗದ ಕೆಲಸ. ಬೆಳೆದ ಮಗನ್ನ ಯಾರಾದ್ರೂ ಕೇಳ್ತಾರಾ?"

"ಹೊಟ್ಟೆಯೊಳಗಿರೋ ಮಗುವನ್ನ ಕೇಳಬಹುದು, ಬೆಳೆದವನ್ನ ಕೇಳಬಾರ್ದಾ? ಯಾವಾಗ ಬಂತು ತಾತ ಈ ಕಾನೂನು? ಅಜ್ಜಂದಿರು ಅಗೆದ ಗುಂಡಿ ಕೇಳಬಹುದಾದ್ರೆ ನಾನು ಹೆತ್ತ ಮಗನ್ನೂ ಕೇಳಬಹುದು. ಈ ಊರಲ್ಲಿ ನಾನು ಕೊಡದೆ ಇರೋ ಮನೆ ಯಾವ್ದು, ಕೈ ಎತ್ತಿ ನೋಡೋಣ!" ಅಮ್ಮನ ಕೊರಳ ನರ ಉಬ್ಬಿತ್ತು. ಒಂದು ಕೈಯೂ ಮೇಲೇಳಲಿಲ್ಲ. ತಾತನ ಮನೆಯಲ್ಲೇ ಅಪ್ಪನ ರೇಡಿಯೋ ಇತ್ತು.

ದೊಡ್ಡಮ್ಮ ಮಗನನ್ನು ನೋಡಿದಳು, ತಂಗಿಯನ್ನು ನೋಡಿದಳು. "ತಗೋ" ಅಂದಳು. ಎಷ್ಟು ಸಣ್ಣ ದನಿಯೆಂದರೆ ತಾತ ಇನ್ನೊಮ್ಮೆ ಹೇಳಿಸಬೇಕಾಯಿತು. "ಕೊಟ್ಟೆ ಅಂದ್ನಲ್ಲ! ತಗೊಂಡ್ಹೋಗು."

ಅಮ್ಮ ಬರಾನಿಕೊ ಕಡೆ ತಿರುಗಿದಳು. "ಈಗ ನೀನು ನನ್ನ ಮಗ. ಹೆತ್ತ ಮಗನಿಗೂ ತಾಯಿಗೂ ನಡುವೆ ಬುಬುಸಿ ಇಲ್ಲ. ಮಗ ಕೇಳಿದ್ದಕ್ಕೆ ಇಲ್ಲ ಅನ್ನೋಕೆ ಯಾವ ತಾಯೀನೂ ನಾಚಿಕೆ ಪಡಬೇಕಾಗಿಲ್ಲ. ಗುಂಡಿ ಕೊಡಲ್ಲ. ಇಲ್ಲ ಕಣೋ, ಇಲ್ಲ! ನಾಳೆ ಬೆಳಿಗ್ಗೆ ಕತ್ತಿ ತಗೊಂಡು ಗುಂಡಿಗೆ ಬಾ, ಗೊಬ್ಬರದ ವಿಷಯ ಹೇಳ್ಕೊಡ್ತೀನಿ."

ಚಾವಡಿಯಲ್ಲಿ ಗದ್ದಲವೆದ್ದಿತು, ಕೆಲವರು ತೊಡೆ ತಟ್ಟಿಕೊಂಡು ನಕ್ಕರು. ತಾಯಿ ಮಗನಿಗೆ ಇಲ್ಲ ಅಂದದ್ದು ಮನೆಯ ವಿಷಯ, ಚಾವಡಿಗೆ ಬರುವಂಥದ್ದಲ್ಲ ಎಂದು ತಾತ ಮಾತು ಮುಗಿಸಿದ. ಗುಂಡಿ ಉಳಿಯಿತು. ಮುಚ್ಚಿಡುವುದೇನು, ನಾನು ಕುಣಿದಾಡಿದೆ. ನನ್ನ ಅಮ್ಮನಿಗೂ ಇಲ್ಲ ಅನ್ನಲು ಬರುತ್ತದೆ ಎಂದು ದಾರಿಯುದ್ದಕ್ಕೂ ಕಂಡಕಂಡವರಿಗೆ ಹೇಳಿದೆ.

ಮರುದಿನ ಅಮ್ಮ ಬೆಳಕು ಹರಿಯುವಾಗಲೇ ಗುಂಡಿಗೆ ಹೋದಳು. ನಾಲ್ಕು ಬಗೆಯ ಎಲೆಗಳನ್ನು ಬೇರೆ ಬೇರೆ ಗುಡ್ಡೆ ಹಾಕಿ ಕಾದಳು. ಬರಾನಿಕೊ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮೂರನೆಯ ದಿನ ಅವನು ಹೆಂಡತಿ ಮಕ್ಕಳು, ಪಾತ್ರೆ ಪಗಡಿ ಸಮೇತ ಲಾರಿ ಹತ್ತಿ ದ್ವೀಪದ ಉತ್ತರದ ತುದಿಗೆ, ಹೆಂಡತಿಯ ಊರಿಗೆ ಹೊರಟುಹೋದ. ಹೋಗುವಾಗ ಮೋಯಾಳ ಮನೆಗೂ ಹೇಳಲಿಲ್ಲ, ನಮ್ಮ ಮನೆಗೂ ಹೇಳಲಿಲ್ಲ. "ನನ್ನನ್ನು ಕೊಡೋಕೂ ತಗೊಳ್ಳೋಕೂ ನಾನೇನು ಚಾಪೆನಾ?" ಎಂದು ಅಂಗಡಿಯ ಮುಂದೆ ಕೂಗಾಡಿದನಂತೆ. ಅವನ ಮೇಲೆ ನನಗೆ ಎಷ್ಟೇ ಸಿಟ್ಟಿರಲಿ, ಆ ಮಾತು ಸುಳ್ಳಲ್ಲ. ಅತಿಥಿಗೃಹಕ್ಕೆ ಒಳಗಡಲಿನ ದಂಡೆಯಲ್ಲಿ ಕೊಬ್ಬರಿ ಗೋದಾಮಿನ ಪಕ್ಕ ಜಾಗ ಸಿಕ್ಕಿತು.

ರಸ್ತೆಯ ಆಚೆ ಮನೆಯಲ್ಲಿ ದೊಡ್ಡಮ್ಮ ಒಬ್ಬಳೇ ಉಳಿದಳು. ಅಮ್ಮ ಬೇಯಿಸಿದ ಗೆಡ್ಡೆ ಕಳಿಸಿದಳು. ತಟ್ಟೆ ಮುಚ್ಚಿದ್ದು ಮುಚ್ಚಿದ ಹಾಗೇ ವಾಪಸ್ ಬಂತು. "ಬರ್ತಾಳೆ. ಮಗನ್ನ ವಾಪಸ್ ಕೇಳೋಕೆ ಬರ್ತಾಳೆ. ಕೇಳಿದ ತಕ್ಷಣ ಕೊಟ್ಬಿಡ್ತೀನಿ" ಎಂದು ಅಮ್ಮ ನನಗೆ ಹೇಳಿದಳು. ದಿನಕ್ಕೆ ಹತ್ತು ಸಲ ಹೇಳಿದಳು.

ಒಂಬತ್ತನೆಯ ದಿನ ದೊಡ್ಡಮ್ಮ ಗುಂಡಿಯ ಹತ್ತಿರ ಬಂದಳು. ಕೈಗಾಡಿ ತಳ್ಳಿಕೊಂಡು ಬಂದಿದ್ದಳು. ಏದುಸಿರು ಬಿಡುತ್ತಾ ಅದರಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ಇಳಿಸಿ ಅಂಚಿನ ಕಲ್ಲುಗಳ ಮೇಲೆ ಇಟ್ಟಳು. ದೊಡ್ಡ ಅಲ್ಯೂಮಿನಿಯಂ ಪಾತ್ರೆ, ಸೀಮೆಎಣ್ಣೆ ದೀಪ, ಎರಡು ಚಾಪೆ, ತೆಂಗಿನಕಾಯಿ ತುರಿಯುವ ಮಣೆ, ಮೀನಿನ ಬಲೆ, ತೇಪೆ ಹಾಕಿದ ಒಂದು ಹೊದಿಕೆ. ನಲವತ್ತು ವರ್ಷದಲ್ಲಿ ತಂಗಿಯನ್ನು ಕೇಳಿ ಪಡೆದದ್ದೆಲ್ಲ ಅದರಲ್ಲಿತ್ತು.

"ಏನೇ ಅಕ್ಕ ಇದು?" ಅಂದಳು ಅಮ್ಮ, ಕೆಸರಿನಲ್ಲಿ ನಿಂತೇ.

"ಎಲ್ಲಾ ಇದೆಯಾ ನೋಡ್ಕೋ. ಒಂದು ಲೋಟ ಒಡೆದುಹೋಯ್ತು, ಅದೊಂದು ಇಲ್ಲ."

"ಇದನ್ನೆಲ್ಲ ಯಾರು ಕೇಳಿದ್ರು ನಿನ್ನ? ಮಗನ್ನ ಕೇಳು, ಕೊಡ್ತೀನಿ. ಈಗ್ಲೇ ಕೊಡ್ತೀನಿ."

"ಅವನು ನಿನ್ನ ಹತ್ರಾನೂ ಇಲ್ಲ ಅಕೊಯಾ. ಇಲ್ಲದ್ದನ್ನ ಏನಂತ ಕೊಡ್ತೀಯ?" ದೊಡ್ಡಮ್ಮ ತನ್ನ ಹಳೆಯ ಲಂಗದ ಅಂಚಿನಿಂದ ಕೈ ಒರೆಸಿಕೊಂಡಳು. "ಇನ್ಮೇಲೆ ನಾನು ನಿನ್ನ ಏನೂ ಕೇಳಲ್ಲ."

ಕೇಳುವವರ ಕಾಟಕ್ಕೆ ಜೀವಮಾನವೆಲ್ಲ ಬೈದವಳು ನನ್ನ ಅಮ್ಮ. ಆ ಒಂದು ಮಾತಿಗೆ ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು. ನಮ್ಮಲ್ಲಿ ಶತ್ರುವಿಗೆ ಹೊರತು ಬೇರೆ ಯಾರಿಗೂ ಆ ಮಾತು ಅನ್ನುವುದಿಲ್ಲ. ದೊಡ್ಡಮ್ಮ ಖಾಲಿ ಕೈಗಾಡಿ ತಿರುಗಿಸಿ ಹೊರಟಳು. ಅಮ್ಮ ಗುಂಡಿಯಿಂದ ಮೇಲೆ ಹತ್ತಲು ನೋಡಿದಳು, ಕಾಲು ಕೆಸರಿನಲ್ಲಿ ಹೂತು ಬರಲಿಲ್ಲ. ನಾನು ಕೈ ಕೊಟ್ಟರೆ ತಳ್ಳಿಬಿಟ್ಟಳು.

"ಕೇಳೇ ಅಕ್ಕಾ!" ಎಂದು ಅರಚಿದಳು. "ಏನಾದ್ರೂ ಕೇಳೇ! ಉಪ್ಪು ಕೇಳು, ಬೆಂಕಿಕಡ್ಡಿ ಕೇಳು! ಈ ಹಾಳು ಗುಂಡೀನೇ ಕೇಳೇ, ಕೊಡ್ತೀನಿ!"

ಕೈಗಾಡಿಯ ಚಕ್ರ ಕಿರುಗುಟ್ಟುತ್ತಾ ರಸ್ತೆಯವರೆಗೆ ಹೋಯಿತು. ದೊಡ್ಡಮ್ಮ ತಿರುಗಿ ನೋಡಲಿಲ್ಲ. ಅಮ್ಮ ತೊಡೆಯವರೆಗೆ ಕೆಸರಿನಲ್ಲಿ ನಿಂತು, ದನಿ ಒಡೆದು ಹೋಗುವವರೆಗೂ ಕೇಳು ಕೇಳು ಎಂದು ಬೈಯುತ್ತಲೇ ಇದ್ದಳು.